ಸೋತ ಎತ್ತು, ಬಾರುಕೋಲು ಮತ್ತು ಡಿಗಾಕ್ಸಿನ್

ಡಿಗಾಕ್ಸಿನ್ ಮಾತ್ರೆಯ ಪ್ರಸ್ತಾಪ ಬಂದರೆ ಸಾಕು, ವೈದ್ಯರ ಕೂಟದಲ್ಲಿ ಯಾರಾದರೊಬ್ಬರು ಆ ಹೋಲಿಕೆ ಹೇಳಿಯೇ ಹೇಳುತ್ತಾರೆ: ಅದು ಸೋತ ಎತ್ತಿಗೆ ಬೀಸುವ ಬಾರುಕೋಲು. ಏಟು ಬಿದ್ದಾಗ ಎತ್ತು ನಾಲ್ಕು ಹೆಜ್ಜೆ ಜೋರಾಗಿ ಹಾಕುತ್ತದೆ, ಆಮೇಲೆ ನೊಗದಡಿಯಲ್ಲೇ ಕುಸಿಯುತ್ತದೆ. ಸುಸ್ತಾದ ಹೃದಯಕ್ಕೆ ಬೇಕಾದದ್ದು ವಿಶ್ರಾಂತಿ, ಈ ಹಳೆಯ ಮಾತ್ರೆ ಅದನ್ನು ದುಡಿಸಿ ಕೊಲ್ಲುತ್ತದೆ, ಆದ್ದರಿಂದ ನಿಲ್ಲಿಸಿ. ವಾದ ಇಷ್ಟೇ. ಕೇಳಲು ಎಷ್ಟು ಸಹಜವಾಗಿದೆಯೆಂದರೆ ಯಾರೂ ಅದನ್ನು ತಿರುಗಿ ಪ್ರಶ್ನಿಸುವುದಿಲ್ಲ. ನಾನು ಪ್ರಶ್ನಿಸುತ್ತಿದ್ದೇನೆ. ಈ ಹೋಲಿಕೆ ತಪ್ಪು. ಅದು ಹೃದಯದ ಬಗ್ಗೆಯೂ ತಪ್ಪು ಹೇಳುತ್ತದೆ, ಔಷಧದ ಬಗ್ಗೆಯೂ ತಪ್ಪು ಹೇಳುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನಾವು ನೋಡಬೇಕಾದ ಜಾಗದಿಂದ ನಮ್ಮ ಕಣ್ಣನ್ನು ಬೇರೆಡೆಗೆ ಎಳೆಯುತ್ತದೆ. ಆ ಜಾಗ ಪೊಟ್ಯಾಸಿಯಂ, ಮೆಗ್ನೀಸಿಯಂ, ಮೂತ್ರಪಿಂಡ.

ಹೋಲಿಕೆ ಹುಟ್ಟಿದ್ದಕ್ಕೆ ಕಾರಣವಿದೆ, ಅದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಹೃದಯ ದಿನವೊಂದಕ್ಕೆ ಸುಮಾರು 6 ಕಿಲೋ ಎಟಿಪಿ ಎಂಬ ಇಂಧನವನ್ನು ತಯಾರಿಸಿ ಖರ್ಚು ಮಾಡುತ್ತದೆ. ಮುಷ್ಟಿಯಷ್ಟು ಮಾಂಸ ತನ್ನ ತೂಕದ ಎಷ್ಟೋ ಪಟ್ಟು ಇಂಧನವನ್ನು ಒಂದೇ ಹಗಲುರಾತ್ರಿಯಲ್ಲಿ ಸುಡುತ್ತದೆ. ಕೂಡಿಟ್ಟುಕೊಂಡದ್ದು ಕೆಲವು ಬಡಿತಗಳಿಗೆ ಸಾಲುವಷ್ಟು ಮಾತ್ರ, ಉಳಿದದ್ದನ್ನು ಆಗಿಂದಾಗ ದುಡಿದು ತರಬೇಕು. ವಿಫಲವಾಗುತ್ತಿರುವ ಹೃದಯದಲ್ಲಿ ಈ ದುಡಿಮೆ ಕುಂದುತ್ತದೆ. ಎಟಿಪಿಗೆ ಕೈಗಡ ಕೊಡುವ ಫಾಸ್ಫೋಕ್ರಿಯಾಟಿನ್ ಮೊದಲು ಕರಗುತ್ತದೆ. 1997ರಲ್ಲಿ ಸ್ಟೀಫನ್ ನ್ಯೂಬಾವರ್ ಮತ್ತು ಸಂಗಡಿಗರು ಹಿಗ್ಗಿದ ಹೃದಯದ ರೋಗಿಗಳಲ್ಲಿ ಈ ಎರಡರ ಅನುಪಾತವನ್ನು ಅಳೆದು, ಅದು ಕೆಳಗಿದ್ದವರು ಹೆಚ್ಚು ಸಾಯುತ್ತಾರೆಂದು ತೋರಿಸಿದರು. ಹಸಿದ ಹೃದಯ ಎಂಬ ಮಾತು ಬರೀ ಅಲಂಕಾರವಲ್ಲ, ಅಳತೆಗೆ ಸಿಕ್ಕ ಸಂಗತಿ.

ಹಸಿದ ಹೃದಯವನ್ನು ಹೊಡೆದೆಬ್ಬಿಸುವ ಔಷಧಗಳೂ ನಿಜವಾಗಿ ಇದ್ದವು. ಮಿಲ್ರಿನೋನ್ ಅಂಥದ್ದು. ಅದರ ಮಾತ್ರೆಯನ್ನು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಹುಸಿಮಾತ್ರೆಯೊಡನೆ ಹೋಲಿಸಿ ನೋಡಿದ 'ಪ್ರಾಮಿಸ್' ಪ್ರಯೋಗದಲ್ಲಿ, 1991ರಲ್ಲಿ ಹೊರಬಂದ ಲೆಕ್ಕದಂತೆ, ಸಾವು ಶೇಕಡ 28ರಷ್ಟು ಹೆಚ್ಚಿತು. ಬಾರುಕೋಲಿನ ಹೋಲಿಕೆ ಆ ಔಷಧಕ್ಕೆ ಅಕ್ಷರಶಃ ಒಪ್ಪುತ್ತದೆ. ಆದರೆ ಮಿಲ್ರಿನೋನ್ ಮಾಡಿದ ಪಾಪಕ್ಕೆ ಡಿಗಾಕ್ಸಿನ್‌ಗೆ ಶಿಕ್ಷೆ ಏಕೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಇವೆರಡೂ ಹೃದಯದ ಬಡಿತಕ್ಕೆ ಬಲ ಕೊಡುತ್ತವೆ ಎಂಬ ಒಂದೇ ಸಾಮ್ಯದಿಂದ ಇವನ್ನು ಒಂದೇ ಗೂಟಕ್ಕೆ ಕಟ್ಟಿದ್ದಾರೆ. ದಾರಿ ಬೇರೆ ಬೇರೆ ಎಂಬುದನ್ನು ಕೇಳುವ ತಾಳ್ಮೆ ಯಾರಿಗೂ ಇಲ್ಲ.

ಆ ದಾರಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಜಗಳದ ತಿರುಳು ಇರುವುದು ಇಲ್ಲೇ. ಪ್ರತಿ ಜೀವಕೋಶದ ಗೋಡೆಯಲ್ಲಿ ಒಂದು ಪಂಪು ಇದೆ. ಒಂದು ಎಟಿಪಿ ಖರ್ಚುಮಾಡಿ ಅದು ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು ಕಂಡುಹಿಡಿದದ್ದು ಏಡಿಯ ಕಾಲಿನ ನರದಲ್ಲಿ, 1957ರಲ್ಲಿ. ನೊಬೆಲ್ ಬಂದದ್ದು ನಲವತ್ತು ವರ್ಷಗಳ ನಂತರ. ಸ್ಕೌಗಿಂತ ನಾಲ್ಕು ವರ್ಷ ಮುಂಚೆಯೇ, 1953ರಲ್ಲಿ, ಸ್ವಿಟ್ಜರ್‌ಲೆಂಡಿನ ಶಾಟ್ಸ್‌ಮನ್ ಕೆಂಪು ರಕ್ತಕಣಗಳ ಮೇಲೆ ಪ್ರಯೋಗ ಮಾಡಿ, ಹೃದಯದ ಗ್ಲೈಕೋಸೈಡ್‌ಗಳು (ಡಿಗಾಕ್ಸಿನ್ ಇದೇ ಕುಲದ್ದು) ಸೋಡಿಯಂ ಮತ್ತು ಪೊಟ್ಯಾಸಿಯಂ ಸಾಗಣೆಯನ್ನು ತಡೆಯುತ್ತವೆಂದು ತೋರಿಸಿದ್ದರು. ಡಿಗಾಕ್ಸಿನ್ ಕೂರುವುದು ಈ ಪಂಪಿನ ಹೊರಮೈಯ ಮೇಲೆ. ಪಂಪು ಕೊಂಚ ನಿಧಾನವಾದಾಗ ಕೋಶದೊಳಗೆ ಸೋಡಿಯಂ ಕೊಂಚ ಏರುತ್ತದೆ. ಸೋಡಿಯಂ ಏರಿದಾಗ, ಮೂರು ಸೋಡಿಯಂ ಒಳಗೆ ಬಿಟ್ಟುಕೊಂಡು ಒಂದು ಕ್ಯಾಲ್ಸಿಯಂ ಹೊರಗೆ ಕಳಿಸುವ ಇನ್ನೊಂದು ವಿನಿಮಯ ಸೊರಗುತ್ತದೆ. ಹೊರಹೋಗಬೇಕಿದ್ದ ಕ್ಯಾಲ್ಸಿಯಂ ಒಳಗಿನ ಕಣಜದಲ್ಲಿ ಉಳಿಯುತ್ತದೆ, ಮುಂದಿನ ಬಡಿತಕ್ಕೆ ಒದಗುತ್ತದೆ. ಕ್ಯಾಲ್ಸಿಯಂ ಇಲ್ಲದೆ ಹೃದಯ ಹಿಂಡುವುದಿಲ್ಲವೆಂದು ಸಿಡ್ನಿ ರಿಂಗರ್ 1883ರಲ್ಲೇ ಕಪ್ಪೆಯ ಹೃದಯದಲ್ಲಿ ಕಂಡಿದ್ದ.

ಅಡ್ರಿನಲಿನ್ ಜಾತಿಯ ಔಷಧಗಳು ಹೃದಯವನ್ನು ಜೋರಾಗಿಯೂ ಬೇಗಬೇಗನೆಯೂ ಬಡಿಸುತ್ತವೆ, ಎಟಿಪಿಯ ಖರ್ಚನ್ನು ಎಲ್ಲ ದಿಕ್ಕಿನಲ್ಲೂ ಏರಿಸುತ್ತವೆ. ಡಿಗಾಕ್ಸಿನ್ ಹಾಗಲ್ಲ. ಅದು ಬಡಿತವನ್ನು ಏರಿಸುವುದಿಲ್ಲ, ಇಳಿಸುತ್ತದೆ. ಕಣಜದಲ್ಲಿ ಉಳಿದ ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ನಿರ್ವಹಿಸಲು ಎಟಿಪಿ ಖರ್ಚಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇಡೀ ಹೃದಯದ ಲೆಕ್ಕ ಬೇರೆ. ಹಿಗ್ಗಿದ ಹೃದಯದ ಗೋಡೆಯ ಮೇಲಿನ ಬಿಗಿತವೇ ಅದರ ದೊಡ್ಡ ಖರ್ಚು: ಬುಗ್ಗೆ ದೊಡ್ಡದಾದಷ್ಟೂ ಅದೇ ಒತ್ತಡವನ್ನು ಹಿಡಿದಿಡಲು ಗೋಡೆ ಹೆಚ್ಚು ಎಳೆಯಬೇಕು. ಹೃದಯ ಚೆನ್ನಾಗಿ ಖಾಲಿಯಾಗಿ ಸ್ವಲ್ಪ ಕುಗ್ಗಿದರೆ ಆ ಬಿಗಿತ ಇಳಿಯುತ್ತದೆ, ಆಮ್ಲಜನಕದ ಬೇಡಿಕೆಯೂ ಇಳಿಯುತ್ತದೆ. ರಿಚರ್ಡ್ ಬಿಂಗ್ ಮತ್ತು ಸಂಗಡಿಗರು 1950ರಲ್ಲೇ ವಿಫಲ ಹೃದಯದ ಮನುಷ್ಯರಿಗೆ ಇದೇ ಕುಲದ ಸ್ಟ್ರೋಫ್ಯಾಂಥಸ್ ಔಷಧ ಕೊಟ್ಟು ಅಳೆದರು. ಹೃದಯದ ಕೆಲಸ ಹೆಚ್ಚಿತು, ಆಮ್ಲಜನಕದ ಬಳಕೆ ಅದಕ್ಕೆ ತಕ್ಕಂತೆ ಹೆಚ್ಚಲಿಲ್ಲ. 1966ರಲ್ಲಿ ಕೋವೆಲ್, ಬ್ರಾನ್‌ವಾಲ್ಡ್ ಮುಂತಾದವರು ಪ್ರಾಣಿಗಳಲ್ಲಿ ಇದನ್ನು ಇನ್ನೂ ಬಿಡಿಸಿ ತೋರಿಸಿದರು: ಗಟ್ಟಿಮುಟ್ಟಾದ ಹೃದಯದಲ್ಲಿ ಈ ಔಷಧ ಆಮ್ಲಜನಕದ ಖರ್ಚನ್ನು ಏರಿಸುತ್ತದೆ, ಸೋತು ಹಿಗ್ಗಿದ ಹೃದಯದಲ್ಲಿ ಇಳಿಸುತ್ತದೆ. ಬಾರುಕೋಲಿನ ಹೋಲಿಕೆ ಹೇಳುವವರು ಅರವತ್ತು ವರ್ಷ ಹಿಂದಿನ ಈ ಕೆಲಸವನ್ನು ಓದಿಲ್ಲವೆಂದೇ ನಾನು ನಂಬಬೇಕಾಗಿದೆ.

ನರಗಳ ಕಥೆ ಇನ್ನೂ ಸ್ಪಷ್ಟವಾಗಿದೆ. ಹೃದಯ ವೈಫಲ್ಯದಲ್ಲಿ ನಿಜವಾದ ಬಾರುಕೋಲು ದೇಹದ ಒಳಗೇ ಇರುತ್ತದೆ. ಅದು ಸಿಂಪಥೆಟಿಕ್ ನರಗಳು. ರಕ್ತ ಸಾಲದು ಎಂದು ತಿಳಿದ ದೇಹ ಹಗಲೂ ರಾತ್ರಿಯೂ ಹೃದಯವನ್ನು ಬಡಿಯುತ್ತಿರುತ್ತದೆ. ಬೀಟಾ ಬ್ಲಾಕರ್‌ಗಳು ಜೀವ ಉಳಿಸುವುದೇ ಆ ಏಟನ್ನು ತಡೆದು. 1989ರಲ್ಲಿ ಫರ್ಗುಸನ್ ಮತ್ತು ಸಂಗಡಿಗರು ರೋಗಿಗಳ ಸ್ನಾಯುವಿನ ನರಕ್ಕೆ ಸೂಜಿ ಇಟ್ಟು, ಡಿಗಾಕ್ಸಿನ್ ಸೇರಿದ ಡಿಜಿಟಾಲಿಸ್ ಕುಲದ ಔಷಧ ಕೊಟ್ಟ ಮೇಲೆ ಆ ನರಗಳ ಅಬ್ಬರ ಇಳಿಯುವುದನ್ನು ಕಂಡರು. ಹೃದಯಕ್ಕೆ ಅಷ್ಟೇ ಬಲ ಕೊಡುವ ಡೋಬುಟಮಿನ್ ಕೊಟ್ಟಾಗ ಹಾಗೆ ಇಳಿಯಲಿಲ್ಲ. ಅಂದರೆ ಬಾರುಕೋಲು ಎಂದು ನಾವು ಬೈಯುತ್ತಿರುವ ಮಾತ್ರೆ, ಬಾರುಕೋಲು ಹಿಡಿದ ಕೈಯನ್ನು ತಡೆಯುತ್ತಿದೆ.

ಎದುರು ಪಕ್ಷದಲ್ಲಿ ಗಟ್ಟಿ ವಾದವೊಂದಿದೆ. ಹೋಲಿಕೆ ಹೇಳುವವರು ಸಾಮಾನ್ಯವಾಗಿ ಅದನ್ನು ಬಳಸುವುದಿಲ್ಲ, ಆದರೂ ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ಮೈಟೊಕಾಂಡ್ರಿಯ ತನ್ನ ಇಂಧನ ತಯಾರಿಕೆಯನ್ನು ಬೇಡಿಕೆಗೆ ಹೊಂದಿಸಿಕೊಳ್ಳುವುದು ಕ್ಯಾಲ್ಸಿಯಂನ ಸುಳಿವಿನಿಂದ. ಬಡಿತ ಜೋರಾದಾಗ ಕ್ಯಾಲ್ಸಿಯಂ ಮೈಟೊಕಾಂಡ್ರಿಯದೊಳಗೂ ನುಗ್ಗಿ 'ಒಲೆ ಉರಿಸು' ಎನ್ನುತ್ತದೆ. ಕೋಶದಲ್ಲಿ ಸೋಡಿಯಂ ಮಿತಿಮೀರಿದರೆ ಆ ಕ್ಯಾಲ್ಸಿಯಂ ಮೈಟೊಕಾಂಡ್ರಿಯದಿಂದ ಬೇಗ ಸೋರಿಹೋಗುತ್ತದೆ. ಬೇಡಿಕೆ ಏರಿದರೂ ಒಲೆ ಉರಿಯುವುದಿಲ್ಲ, ಜೊತೆಗೆ ಆಮ್ಲಜನಕದ ಹಾನಿಕರ ಕಣಗಳು ಹೆಚ್ಚುತ್ತವೆ. ಮಾಕ್, ಓರೂರ್ಕ್ ಮುಂತಾದವರು ಗಿನಿಹಂದಿಗಳ ಹೃದಯಕೋಶಗಳಲ್ಲಿ ಇದನ್ನು ತೋರಿಸಿದ್ದಾರೆ. ವಿಫಲ ಹೃದಯದ ಕೋಶದಲ್ಲಿ ಸೋಡಿಯಂ ಮೊದಲೇ ಏರಿರುತ್ತದೆ. ಅದರ ಮೇಲೆ ಡಿಗಾಕ್ಸಿನ್ ಸುರಿದರೆ?

ಸುರಿದರೆ ಕೆಟ್ಟದ್ದೇ. ನನ್ನ ವಾದವಿರುವುದು 'ಸುರಿಯುವುದರ' ವಿರುದ್ಧ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ವೈದ್ಯರು ರೋಗಿಗೆ ವಾಕರಿಕೆ ಬರುವವರೆಗೂ ಈ ಔಷಧ ತುಂಬುತ್ತಿದ್ದರು. ರಕ್ತದಲ್ಲಿ ಮಿಲಿಲೀಟರಿಗೆ 2 ನ್ಯಾನೋಗ್ರಾಂವರೆಗೂ ಇರಬಹುದೆಂದು ಪ್ರಯೋಗಶಾಲೆಯ ಚೀಟಿಗಳು ಬಹುಕಾಲ ಹೇಳಿದವು. 2003ರಲ್ಲಿ ರಾಥೋರ್ ಮತ್ತು ಸಂಗಡಿಗರು ಹಳೆಯ ಪ್ರಯೋಗವೊಂದರ ದಾಖಲೆಗಳನ್ನು ಮತ್ತೆ ತೆರೆದು ನೋಡಿದಾಗ, 0.5ರಿಂದ 0.8ರ ನಡುವೆ ಇದ್ದ ಗಂಡಸರಲ್ಲಿ ಸಾವು ಕಡಿಮೆ, 1.2 ದಾಟಿದವರಲ್ಲಿ ಹೆಚ್ಚು ಎಂದು ಕಂಡಿತು. ಮೂತ್ರಪಿಂಡ ಕೆಟ್ಟವರಲ್ಲೇ ಮಟ್ಟ ಏರುವುದರಿಂದ ಈ ಲೆಕ್ಕವನ್ನು ಕಲ್ಲಿನ ಶಾಸನವೆಂದು ನಾನು ಹಿಡಿಯುವುದಿಲ್ಲ. ಆದರೆ ನರಗಳನ್ನು ತಣಿಸುವ ಗುಣ ಸಣ್ಣ ಪ್ರಮಾಣದಲ್ಲೇ ಸಿಗುತ್ತದೆ, ಸೋಡಿಯಂ ತುಂಬಿಸುವ ದೋಷ ದೊಡ್ಡ ಪ್ರಮಾಣದಲ್ಲಿ ಬರುತ್ತದೆ ಎಂಬುದು ಕೋಶದ ಶಾಸ್ತ್ರಕ್ಕೂ ಹೊಂದುತ್ತದೆ. ಈ ಎಚ್ಚರ ಹೊಸದೇನಲ್ಲ. ಶ್ರಾಪ್‌ಶೈರಿನ ಮುದುಕಿಯೊಬ್ಬಳ ಮನೆಮದ್ದಿನಿಂದ ಈ ಔಷಧಗಳ ಮೂಲವಾದ ಡಿಜಿಟಾಲಿಸ್ ಗಿಡವನ್ನು ಹೆಕ್ಕಿ, ಹತ್ತು ವರ್ಷ ರೋಗಿಗಳಲ್ಲಿ ನೋಡಿ, 1785ರಲ್ಲಿ ಪುಸ್ತಕ ಬರೆದ ಬರ್ಮಿಂಗ್‌ಹ್ಯಾಮಿನ ವಿಲಿಯಂ ವಿದರಿಂಗ್, ಮೂತ್ರಪಿಂಡ, ಹೊಟ್ಟೆ, ನಾಡಿ, ಕರುಳು ಇವುಗಳಲ್ಲಿ ಯಾವುದರ ಮೇಲಾದರೂ ಪರಿಣಾಮ ಕಾಣಿಸಿದೊಡನೆ ನಿಲ್ಲಿಸಬೇಕೆಂದು ಬರೆದಿದ್ದ. ನಂತರದವರು ಆ ಮಾತನ್ನು ಮರೆತರು. ಅವರು ಬೀಸಿದ್ದು ಬಾರುಕೋಲೇ ಇರಬಹುದು. ತಪ್ಪು ಕೈಯದು.

ಈಗ ಖನಿಜಗಳಿಗೆ ಬರುತ್ತೇನೆ, ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ವಿಷಯಕ್ಕೆ.

ಕೆಲವು ವರ್ಷಗಳ ಹಿಂದೆ ನಲವತ್ತು ಕಿಲೋ ತೂಗುವ ಅಜ್ಜಿಯೊಬ್ಬರನ್ನು ಮಗ ಕರೆದುಕೊಂಡು ಬಂದ. ವಾಂತಿ, ಊಟ ಸೇರದು, ತಲೆಸುತ್ತು. "ಅನ್ನಾನೂ ಅರಿಶಿಣ ಕಲಸ್ದಂಗೆ ಕಾಣ್ತದೆ ಕಣಪ್ಪಾ" ಎಂದರು ಅಜ್ಜಿ. ವಿದರಿಂಗ್ ಇನ್ನೂರು ವರ್ಷ ಹಿಂದೆ ಬರೆದಿಟ್ಟ ಹಳದಿ ನೋಟ ಅದು. ಕೈಯಲ್ಲಿ ಚೀಟಿ ಇತ್ತು: 0.25 ಮಿಲಿಗ್ರಾಂ ಡಿಗಾಕ್ಸಿನ್, ವಾರಕ್ಕೆ ಐದು ದಿನ, ಶನಿವಾರ ಭಾನುವಾರ ಬೇಡ. ನೀರು ಹೋಗುವ ಮಾತ್ರೆ ಲ್ಯಾಸಿಕ್ಸ್ 40, ದಿನಕ್ಕೆ ಎರಡು ಸಲ. ಒಂದು ವರ್ಷದಿಂದ ರಕ್ತ ಪರೀಕ್ಷೆಯೇ ಆಗಿರಲಿಲ್ಲ. ಪೊಟ್ಯಾಸಿಯಂ 2.9ಕ್ಕೆ ಕುಸಿದಿತ್ತು. ಅವರನ್ನು ಒಂದು ಆಸ್ಪತ್ರೆಗೆ ಸೇರಿಸಿದರು. ಹೊರಬರುವಾಗ ಸಾರಾಂಶದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಡಿಗಾಕ್ಸಿನ್ ವಿಷ, ಇನ್ನು ಮುಂದೆ ಕೊಡಬಾರದು. ಮೆಗ್ನೀಸಿಯಂ ಎಂಬ ಪದ ಆ ನಾಲ್ಕು ಪುಟಗಳಲ್ಲಿ ಎಲ್ಲೂ ಇರಲಿಲ್ಲ.

ಅಲ್ಲಿ ವಿಷವಾದದ್ದು ಏನು? ಪಂಪಿನ ಹೊರಮೈಯಲ್ಲಿ ಪೊಟ್ಯಾಸಿಯಂ ಮತ್ತು ಡಿಗಾಕ್ಸಿನ್ ಒಂದರೊಡನೊಂದು ಪೈಪೋಟಿ ಮಾಡುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಸಾಕಷ್ಟಿದ್ದರೆ ಡಿಗಾಕ್ಸಿನ್ ಅಂಟುವುದು ಕಡಿಮೆ, ಪೊಟ್ಯಾಸಿಯಂ ಇಳಿದರೆ ಅದೇ ಮಾತ್ರೆ ಗಟ್ಟಿಯಾಗಿ ಅಂಟುತ್ತದೆ. ಮಾತ್ರೆಯ ಪ್ರಮಾಣ ಬದಲಾಗದಿದ್ದರೂ ಅದರ ಕೈ ಭಾರವಾಗುತ್ತದೆ. ಲ್ಯಾಸಿಕ್ಸ್ ಉಪ್ಪು ನೀರನ್ನು ಹೊರಗೆ ಹಾಕುವಾಗ ಪೊಟ್ಯಾಸಿಯಂ ಅನ್ನೂ ಮೆಗ್ನೀಸಿಯಂ ಅನ್ನೂ ಜೊತೆಗೆ ಒಯ್ಯುತ್ತದೆ. ಪಂಪು ಓಡಲು ಬೇಕಾದ ಎಟಿಪಿ ಮೆಗ್ನೀಸಿಯಂ ಜೊತೆಗೂಡಿಯೇ ಕೆಲಸಕ್ಕೆ ಬರುತ್ತದೆ, ಆದ್ದರಿಂದ ಮೆಗ್ನೀಸಿಯಂ ಬತ್ತಿದರೆ ಡಿಗಾಕ್ಸಿನ್ ಇಲ್ಲದೆಯೂ ಪಂಪು ಸೊರಗುತ್ತದೆ. ಮೆಗ್ನೀಸಿಯಂ ಇಲ್ಲದೆ ಮೂತ್ರಪಿಂಡ ಪೊಟ್ಯಾಸಿಯಂ ಹಿಡಿದಿಟ್ಟುಕೊಳ್ಳುವುದೂ ಇಲ್ಲ. ಬಾಟಲಿಗಟ್ಟಲೆ ಪೊಟ್ಯಾಸಿಯಂ ಕುಡಿಸಿದರೂ ತೂತು ಬಿಂದಿಗೆಗೆ ನೀರು ಸುರಿದಂತೆ. ದೇಹದ ಮೆಗ್ನೀಸಿಯಂನಲ್ಲಿ ರಕ್ತದಲ್ಲಿರುವುದು ನೂರರಲ್ಲಿ ಒಂದು ಪಾಲೂ ಅಲ್ಲ, ಹಾಗಾಗಿ ರಕ್ತದ ಸಂಖ್ಯೆ ಸರಿಯಿದ್ದರೂ ಕೋಶ ಬರಿದಾಗಿರಬಹುದು.

ಆ ಅಜ್ಜಿಯ ತೆಳ್ಳಗಿನ ತೋಳುಗಳೂ ಈ ಲೆಕ್ಕದಲ್ಲಿ ಬರುತ್ತವೆ. ದೇಹದ ಪೊಟ್ಯಾಸಿಯಂನ ಬಹುಪಾಲು ಇರುವುದು ಮಾಂಸಖಂಡಗಳಲ್ಲಿ. ಈ ಪಂಪುಗಳ ದೊಡ್ಡ ದಾಸ್ತಾನೂ ಅಲ್ಲೇ, ಆದ್ದರಿಂದ ನುಂಗಿದ ಡಿಗಾಕ್ಸಿನ್‌ನ ದೊಡ್ಡ ಪಾಲು ಹೋಗಿ ಅಂಟುವುದೂ ಅಲ್ಲೇ. ಡೆನ್ಮಾರ್ಕಿನ ಟೋರ್ಬೆನ್ ಕ್ಲೌಸೆನ್, ಕೆಲ್ಡ್ ಕೆಲ್ಡ್ಸನ್ ಇದನ್ನು ವರ್ಷಗಟ್ಟಲೆ ಅಳೆದರು. ಪೊಟ್ಯಾಸಿಯಂ ಕೊರತೆಯಾದರೆ ಮಾಂಸಖಂಡದ ಪಂಪುಗಳ ಸಂಖ್ಯೆಯೇ ಕುಸಿಯುತ್ತದೆ. ಮೈ ಸವೆದು, ಪೊಟ್ಯಾಸಿಯಂ ಬತ್ತಿ, ಮೂತ್ರಪಿಂಡ ಅರ್ಧ ಕೆಲಸಕ್ಕೆ ಇಳಿದ ಮುದುಕಿಗೆ, ಎಂಬತ್ತು ಕಿಲೋದ ರೈತನಿಗೆ ಕೊಡುವ ಮಾತ್ರೆಯನ್ನೇ ಕೊಟ್ಟರೆ ಆ ಔಷಧ ಎಲ್ಲಿ ಹೋಗಿ ಕೂರಬೇಕು?

'ವಾರಕ್ಕೆ ಐದು ದಿನ' ಎಂಬ ನಮ್ಮ ಪದ್ಧತಿಯನ್ನೂ ಇಲ್ಲೇ ಪ್ರಶ್ನಿಸುತ್ತೇನೆ. ಮೂತ್ರಪಿಂಡ ಸರಿಯಿದ್ದವರಲ್ಲಿ ಡಿಗಾಕ್ಸಿನ್ ಅರ್ಧಕ್ಕೆ ಇಳಿಯಲು ಒಂದೂವರೆ ದಿನದಿಂದ ಎರಡು ದಿನ ಬೇಕು, ಮೂತ್ರಪಿಂಡ ಕೈಕೊಟ್ಟವರಲ್ಲಿ ನಾಲ್ಕೈದು ದಿನವೂ ಹಿಡಿಯಬಹುದು. ಶನಿವಾರ ಭಾನುವಾರದ ರಜೆ ಇಬ್ಬರಿಗೂ ಒಂದೇ ಹೇಗಾಗುತ್ತದೆ? ಕ್ರಿಯಾಟಿನಿನ್ ನೋಡಿ, ತೂಕ ನೋಡಿ, ದಿನವೂ 0.125 ಕೊಡುವುದೋ ಅದಕ್ಕಿಂತ ಕಡಿಮೆ ಕೊಡುವುದೋ ಎಂದು ಯೋಚಿಸಬೇಕಾದ ಕೆಲಸವನ್ನು ಪಂಚಾಂಗಕ್ಕೆ ಒಪ್ಪಿಸಿದ್ದೇವೆ. ಈ ಪದ್ಧತಿಯಲ್ಲಿ ಎಷ್ಟೋ ಜನ ಚೆನ್ನಾಗಿಯೇ ಇದ್ದಾರೆ, ನಿಜ. ಆ ಅಜ್ಜಿ ಹಾಗಿರಲಿಲ್ಲ.

ಖನಿಜದ ಪಾಠ ಇನ್ನೊಂದು ಬದಿಯಿಂದಲೂ ಬರುತ್ತದೆ. ಪೊಟ್ಯಾಸಿಯಂ ಕಡಿಮೆಯಾಗದಿರಲೆಂದು ಮನೆಯವರು ದಿನಕ್ಕೆರಡು ಎಳನೀರು ಕುಡಿಸುತ್ತಾರೆ. ಲ್ಯಾಸಿಕ್ಸ್ ಮಾತ್ರ ನುಂಗುವವರಿಗೆ ಅದು ಒಳ್ಳೆಯದೇ ಇರಬಹುದು. ಜೊತೆಗೆ ಪೊಟ್ಯಾಸಿಯಂ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ಇದ್ದು ಮೂತ್ರಪಿಂಡ ಸೊರಗಿದ್ದರೆ ಅದೇ ಎಳನೀರು ಪೊಟ್ಯಾಸಿಯಂ ಅನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ನಮ್ಮ ಬೇಲಿಗಳಲ್ಲಿ, ಗುಡಿಯ ಅಂಗಳಗಳಲ್ಲಿ ಬೆಳೆಯುವ ಹಳದಿ ಕಣಗಿಲೆಯಲ್ಲೂ ಇದೇ ಕುಲದ ಗ್ಲೈಕೋಸೈಡ್‌ಗಳಿವೆ. ದಕ್ಷಿಣ ಭಾರತದಲ್ಲೂ ಶ್ರೀಲಂಕಾದಲ್ಲೂ ಅದರ ಬೀಜ ನುಂಗಿ ಆಸ್ಪತ್ರೆಗೆ ಬಂದವರನ್ನು ನೋಡಿದ ವೈದ್ಯರಿಗೆ ಗೊತ್ತು, ಅಲ್ಲಿ ಪೊಟ್ಯಾಸಿಯಂ ಇಳಿಯುವುದಿಲ್ಲ, ಏರುತ್ತದೆ. ಒಮ್ಮೆಲೇ ಎಲ್ಲ ಪಂಪುಗಳೂ ನಿಂತಾಗ ಕೋಶದೊಳಗೆ ಸೇರಬೇಕಾದ ಪೊಟ್ಯಾಸಿಯಂ ಹೊರಗೇ ಉಳಿದುಬಿಡುತ್ತದೆ, ಆ ಏರಿಕೆಯೇ ಸಾವಿನ ಮುನ್ಸೂಚನೆ. ಒಂದೇ ಕುಲದ ಔಷಧ, ಎರಡು ವಿರುದ್ಧ ಚಿತ್ರ. ಇದು ಅರ್ಥವಾಗದೆ 'ಡಿಗಾಕ್ಸಿನ್ ವಿಷ' ಎಂದು ಬರೆಯುವುದು ರೋಗನಿರ್ಣಯವಲ್ಲ.

"ಅದೆಲ್ಲ ಸರಿ, ಡಿಗಾಕ್ಸಿನ್ ತೆಗೆದುಕೊಳ್ಳುವವರು ಹೆಚ್ಚು ಸಾಯುತ್ತಾರೆಂದು ಅಂಕಿಅಂಶ ಹೇಳುತ್ತದಲ್ಲ?" ಎನ್ನುವವರಿದ್ದಾರೆ. ಯಾವ ಅಂಕಿಅಂಶ? 2015ರಲ್ಲಿ ಜಿಫ್ ಮತ್ತು ಸಂಗಡಿಗರು 52 ಅಧ್ಯಯನಗಳ, ಆರು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ಒಟ್ಟುಗೂಡಿಸಿದರು. ಬರೀ ನೋಡಿ ಬರೆದ ಅಧ್ಯಯನಗಳಲ್ಲಿ ಸಾವು ಹೆಚ್ಚು ಕಂಡಿತು, ಚೀಟಿ ಎತ್ತಿದಂತೆ ಹಂಚಿ ನೋಡಿದ ಪ್ರಯೋಗಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ಕಾರಣ ಸರಳ. ಬೇರೆಲ್ಲ ಔಷಧ ಸೋತ ಮೇಲೆ, ಅತಿ ಹೆಚ್ಚು ಕಾಯಿಲೆಯಾದವರಿಗೇ ವೈದ್ಯರು ಡಿಗಾಕ್ಸಿನ್ ಬರೆಯುತ್ತಾರೆ. ಊರುಗೋಲು ಹಿಡಿದವರು ಹೆಚ್ಚು ಬೀಳುತ್ತಾರೆಂದು ಊರುಗೋಲನ್ನು ದೂರಿದ ಹಾಗಿದೆ ಈ ವಾದ.

ಹಂಚಿ ನೋಡಿದ ದೊಡ್ಡ ಪ್ರಯೋಗ 'ಡಿಗ್', 1997ರಲ್ಲಿ ಬಂದದ್ದು. ಅಮೆರಿಕ, ಕೆನಡಾದ 6,800 ರೋಗಿಗಳು, ಸರಾಸರಿ 37 ತಿಂಗಳು. ಸಾವು ಎರಡೂ ಗುಂಪಿನಲ್ಲಿ ಶೇಕಡ 35ರ ಆಸುಪಾಸು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೃದಯ ವೈಫಲ್ಯ ಉಲ್ಬಣಿಸಿ ಆಸ್ಪತ್ರೆ ಸೇರುವುದು ಶೇಕಡ 28ರಷ್ಟು ಕಡಿಮೆಯಾಯಿತು. ಮಿಲ್ರಿನೋನ್ ಸಾವನ್ನು ಏರಿಸಿದ ಪ್ರಮಾಣವೂ ಶೇಕಡ 28, ಡಿಗಾಕ್ಸಿನ್ ಆಸ್ಪತ್ರೆವಾಸವನ್ನು ಇಳಿಸಿದ ಪ್ರಮಾಣವೂ ಅಷ್ಟೇ. ಎರಡನ್ನೂ ಬಾರುಕೋಲು ಎನ್ನುವವರು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.

ಡಿಗ್ ಕಾಲದಲ್ಲಿ ಹೃದಯ ವೈಫಲ್ಯಕ್ಕೆ ಬೀಟಾ ಬ್ಲಾಕರ್ ಕೊಡುವ ರೂಢಿ ಇರಲಿಲ್ಲ, ಈಗ ಅದೆಲ್ಲ ಹಳೆಯ ಕಥೆ ಎಂಬ ತಕರಾರು ನ್ಯಾಯವಾದದ್ದೇ ಆಗಿತ್ತು. 2025ರಲ್ಲಿ ಅದಕ್ಕೂ ಉತ್ತರ ಬಂತು. ಹ್ಯಾನೋವರ್ ವೈದ್ಯರ ಮುಂದಾಳತ್ವದ 'ಡಿಜಿಟ್ ಎಚ್‌ಎಫ್' ಪ್ರಯೋಗದಲ್ಲಿ, ಬಹುತೇಕ ಎಲ್ಲರೂ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದ 1,212 ರೋಗಿಗಳಿಗೆ ಡಿಜಿಟಾಕ್ಸಿನ್ ಅಥವಾ ಹುಸಿಮಾತ್ರೆ ಕೊಟ್ಟರು. ಸಾವು ಅಥವಾ ಹೃದಯ ವೈಫಲ್ಯದಿಂದ ಮೊದಲ ಸಲ ಆಸ್ಪತ್ರೆ ಸೇರುವುದು, ಇವೆರಡೂ ಸೇರಿ, ಶೇಕಡ 44.1ರಿಂದ 39.5ಕ್ಕೆ ಇಳಿಯಿತು. ಡಿಜಿಟಾಕ್ಸಿನ್ ಮತ್ತು ಡಿಗಾಕ್ಸಿನ್ ಒಂದೇ ಅಲ್ಲ. ಮೊದಲನೆಯದು ಮೂತ್ರಪಿಂಡವನ್ನು ಅಷ್ಟಾಗಿ ನೆಚ್ಚುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಡಿಗಾಕ್ಸಿನ್‌ಗೆ ಈ ಫಲವನ್ನು ಹಾಗೇ ಎತ್ತಿ ಅಂಟಿಸಲಾರೆ. ಆದರೆ ಎರಡೂ ಮುಟ್ಟುವುದು ಅದೇ ಪಂಪನ್ನು. ಆ ಪಂಪನ್ನು ಮುಟ್ಟಿದರೆ ಸೋತ ಹೃದಯ ಸತ್ತೇಹೋಗುತ್ತದೆ ಎಂಬ ಸಿದ್ಧಾಂತ ಈ ಫಲಿತಾಂಶದೆದುರು ನಿಲ್ಲಲಾರದು.

ವಿದರಿಂಗ್‌ನ ಊರಾದ ಬರ್ಮಿಂಗ್‌ಹ್ಯಾಮಿನಲ್ಲೇ ಹೃತ್ಕರ್ಣದ ಅಡ್ಡಾದಿಡ್ಡಿ ಬಡಿತವಿದ್ದ 160 ಮುದುಕ ಮುದುಕಿಯರಿಗೆ ಡಿಗಾಕ್ಸಿನ್ ಅಥವಾ ಬಿಸೊಪ್ರೊಲೊಲ್ ಎಂಬ ಬೀಟಾ ಬ್ಲಾಕರ್ ಕೊಟ್ಟು ನೋಡಿದ ಇನ್ನೊಂದು ಪ್ರಯೋಗ 2020ರಲ್ಲಿ ಬಂತು. ಆರು ತಿಂಗಳಲ್ಲಿ ಎರಡೂ ಗುಂಪಿನವರ ದೈಹಿಕ ನೆಮ್ಮದಿ ಸಮಸಮ, ಅಡ್ಡಪರಿಣಾಮ ಡಿಗಾಕ್ಸಿನ್ ಗುಂಪಿನಲ್ಲಿ ಕಡಿಮೆ. ಇವತ್ತು ನಾವು ಹೊಗಳುವ ಔಷಧಗಳ ಚರಿತ್ರೆಯನ್ನೂ ಮರೆಯಬಾರದು. ಎನಲಾಪ್ರಿಲ್ ಗೆದ್ದ 1987ರ 'ಕನ್ಸೆನ್ಸಸ್', ಸ್ಪೈರೊನೊಲ್ಯಾಕ್ಟೋನ್ ಗೆದ್ದ 1999ರ 'ರಾಲ್ಸ್', ಈ ಎರಡೂ ಪ್ರಯೋಗಗಳಲ್ಲಿ ಬಹುಪಾಲು ರೋಗಿಗಳು ಡಿಜಿಟಾಲಿಸ್ ನುಂಗುತ್ತಲೇ ಇದ್ದರು. ಆ ವಿಜಯಗಳು ನಡೆದದ್ದು ಈ ಹಳೆಯ ಮಾತ್ರೆ ಹಾಸಿದ ನೆಲದ ಮೇಲೆ.

ಡಿಗಾಕ್ಸಿನ್ ಎಲ್ಲರಿಗೂ ಬೇಕೆಂದು ನಾನು ಹೇಳುತ್ತಿಲ್ಲ. ಮೂತ್ರಪಿಂಡ ಪೂರ್ತಿ ಸೋತವರಿಗೆ, ಪರೀಕ್ಷೆಗೆ ಮತ್ತೆ ಬರಲಾಗದವರಿಗೆ ನಾನೇ ಬರೆಯುವುದಿಲ್ಲ. ಅಮಿಯೊಡರೋನ್, ವೆರಾಪಮಿಲ್, ಕ್ಲಾರಿಥ್ರೊಮೈಸಿನ್ ಜೊತೆಗೆ ಬಂದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಆಗ ಪ್ರಮಾಣ ತಗ್ಗಿಸಬೇಕು. ಆದರೆ ನಾಲ್ಕು ಹೊಸ ಔಷಧ ಕೊಟ್ಟ ಮೇಲೂ ಏದುಸಿರು ಬಿಡುತ್ತಿರುವ, ರಕ್ತದೊತ್ತಡ ತೊಂಬತ್ತರಲ್ಲಿ ನಿಂತು ಬೇರೆ ಯಾವ ಮಾತ್ರೆಯನ್ನೂ ಏರಿಸಲಾಗದ ರೋಗಿಗೆ, ಒತ್ತಡ ಇಳಿಸದೆ ಬಡಿತ ಇಳಿಸುವ, ತೀರಾ ಅಗ್ಗದ ಒಂದು ಮಾತ್ರೆಯನ್ನು ಒಂದು ಹೋಲಿಕೆಯ ಬಲದಿಂದ ನಿರಾಕರಿಸುವುದನ್ನು ನಾನು ಒಪ್ಪಲಾರೆ.

ಆ ಅಜ್ಜಿ ಡಿಗಾಕ್ಸಿನ್ ನಿಂತ ಐದನೆಯ ವಾರ ಮತ್ತೆ ಬಂದರು. ಕಾಲು ಊದಿತ್ತು, ನಾಡಿ 130ರ ಮೇಲೆ ಅಡ್ಡಾದಿಡ್ಡಿ ಓಡುತ್ತಿತ್ತು, ಬೀಟಾ ಬ್ಲಾಕರ್ ಏರಿಸಲು ರಕ್ತದೊತ್ತಡ ಬಿಡುತ್ತಿರಲಿಲ್ಲ. ಮೊದಲು ಮೆಗ್ನೀಸಿಯಂ ತುಂಬಿಸಿದೆವು, ಆಮೇಲೆ ಪೊಟ್ಯಾಸಿಯಂ ತಾನಾಗಿ 4.2ಕ್ಕೆ ಬಂದು ನಿಂತಿತು. ಲ್ಯಾಸಿಕ್ಸ್ ಒಂದು ಹೊತ್ತಿಗೆ ಇಳಿಸಿ, ಸ್ಪೈರೊನೊಲ್ಯಾಕ್ಟೋನ್ ಸಣ್ಣದಾಗಿ ಸೇರಿಸಿ, ಡಿಗಾಕ್ಸಿನ್ 0.125ರಲ್ಲಿ ಅರ್ಧ ಮಾತ್ರೆ ಶುರುಮಾಡಿದೆವು. ಎರಡು ವಾರದ ನಂತರ ರಕ್ತದಲ್ಲಿ ಅದರ ಮಟ್ಟ 0.6 ಇತ್ತು. ಮಗನಿಗೆ ಹೇಳಿದ್ದೇನೆ: ವಾಂತಿ ಭೇದಿಯಾಗಿ ಎರಡು ದಿನ ಊಟ ಬಿಟ್ಟರೆ ಮಾತ್ರೆ ನಿಲ್ಲಿಸಿ ಫೋನ್ ಮಾಡು, ಎಳನೀರು ನನ್ನನ್ನು ಕೇಳದೆ ಬೇಡ. ನಮ್ಮೂರಿನ ಪ್ರಯೋಗಶಾಲೆಯ ಅಚ್ಚು ಹಾಕಿದ ಚೀಟಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಇವೆ. ಅದರ ಕೆಳಗಿನ ಖಾಲಿ ಜಾಗದಲ್ಲಿ ನಾನು ಪ್ರತಿಸಲ ಕೈಯಿಂದ ಬರೆಯುತ್ತೇನೆ: ಮೆಗ್ನೀಸಿಯಂ.